ದಾವಣಗೆರೆಯಲ್ಲಿ ಕೊಂಡ ಪಾಲಿಯೆಸ್ಟರ್ ರೆಸಿನ್: ಸರಕು ಒಳ್ಳೆಯದು, ಹೇಳಿಕೊಟ್ಟ ಅಳತೆಯಲ್ಲ

ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದ ಫೈಬರ್ ತೊಟ್ಟಿ ತಳದಲ್ಲಿ ಸೀಳುಬಿಟ್ಟಿದ್ದರಿಂದ, ಏಪ್ರಿಲ್‌ನಲ್ಲಿ ದಾವಣಗೆರೆಯ ಅಂಗಡಿಯೊಂದರಲ್ಲಿ 2 ಕಿಲೊ ರೆಸಿನ್ (ಬೆರೆಸಿದ ಮೇಲೆ ಗಟ್ಟಿಯಾಗುವ ಅಂಟು ದ್ರವ), ಅದನ್ನು ಬೇಗ ಗಟ್ಟಿಯಾಗಿಸುವ ಕೋಬಾಲ್ಟ್ ದ್ರಾವಣ, ಗಟ್ಟಿಯಾಗುವ ಕ್ರಿಯೆ ಶುರುಮಾಡುವ ಹಾರ್ಡನರ್ ಮತ್ತು ಗಾಜಿನ ನಾರಿನ ಮ್ಯಾಟ್ ಕೊಂಡೆ. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೆ ಇದು ಕಚ್ಚುವುದಿಲ್ಲವೆಂದು ಅವರು ತಾವಾಗಿಯೇ ಎಚ್ಚರಿಸಿದ್ದು ಮೆಚ್ಚುಗೆಯಾಯಿತು.

ಮೆಚ್ಚದ ಸಂಗತಿಯೆಂದರೆ, ಕಿಲೊಗೆ 20 ಮಿ.ಲೀ. ಹಾರ್ಡನರ್ ಎಂಬ ಒಂದೇ ಲೆಕ್ಕವನ್ನು ಎಲ್ಲ ಕಾಲಕ್ಕೂ ಹೇಳಿಬಿಡುವುದು. ನಡುಮಧ್ಯಾಹ್ನ ಬಕೆಟ್ಟಿನಲ್ಲಿ ಒಂದು ಕಿಲೊ ಕಲಸಿದೆ. ಹಾರ್ಡನರ್ ಬೀಳುತ್ತಲೇ ನಸುಗೆಂಪು ದ್ರವ ಕಂದಿತು, ಎರಡನೇ ಮ್ಯಾಟ್ ಹಾಸುವಷ್ಟರಲ್ಲಿ ಬ್ರಷ್ಷಿಗೆ ಮೊಸರಿನಂತೆ ಗೆಡ್ಡೆ ಹತ್ತಿತು, ಆಮೇಲೆ ಬಕೆಟ್ಟನ್ನು ಮುಟ್ಟಲಾಗದಷ್ಟು ಕಾವೇರಿತು.

ಈ ರೆಸಿನ್ ಬಣ್ಣದ ಹಾಗೆ ಒಣಗುವ ವಸ್ತುವಲ್ಲ. ಮೆಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಸೇರಿಸಿ ತಯಾರಿಸಿದ ಅದರ ಅಣು ಸರಪಳಿಗಳಲ್ಲಿ ಇನ್ನೂ ಬೆಸೆದುಕೊಳ್ಳಬಲ್ಲ ದ್ವಿಬಂಧಗಳು ಉಳಿದಿರುವುದರಿಂದಲೇ ಅದಕ್ಕೆ ಅಪರ್ಯಾಪ್ತ ಪಾಲಿಯೆಸ್ಟರ್ ಎಂಬ ಹೆಸರು. ರೆಸಿನ್‌ನಲ್ಲಿ ಬೆರೆತಿರುವ, ಮೂಗಿಗೆ ಹೊಡೆಯುವ ಸ್ಟೈರೀನ್ ಎಂಬ ದ್ರವ ಕೂಡ ಬರಿಯ ಥಿನ್ನರ್ ಅಲ್ಲ. ಕೋಬಾಲ್ಟ್ ತಾಗಿ ಒಡೆದ ಹಾರ್ಡನರ್, ಅಂದರೆ ಪೆರಾಕ್ಸೈಡ್, ಹುಟ್ಟಿಸುವ ಚುರುಕಿನ ಅಣುತುಣುಕುಗಳಾದ ರ‍್ಯಾಡಿಕಲ್‌ಗಳು ದ್ವಿಬಂಧಗಳನ್ನು ತೆರೆದಾಗ, ಸ್ಟೈರೀನ್ ಸರಪಳಿಗಳ ನಡುವೆ ಸೇತುವೆಯಾಗಿ ಬೆಸೆದುಕೊಳ್ಳುತ್ತದೆ. ಈ ಕ್ರಿಯೆಯೇ ಶಾಖ ಬಿಡುತ್ತದೆ, ಆ ಶಾಖವೇ ಕ್ರಿಯೆಯನ್ನು ಓಡಿಸುತ್ತದೆ. ಆಳವಾದ ಬಕೆಟ್ಟಿನಲ್ಲಿ ಆ ಶಾಖ ಹೊರಹೋಗಲು ದಾರಿಯಿರದು.

ಮರುದಿನ ಬೆಳಗಿನ ಆರು ಗಂಟೆಗೆ ಅಗಲ ತಟ್ಟೆಯಲ್ಲಿ 300 ಗ್ರಾಂ ಮಾತ್ರ ತೆಗೆದುಕೊಂಡು, ಹಾರ್ಡನರ್ ಲೆಕ್ಕವನ್ನೂ ಕಿಲೊಗೆ 20 ಮಿ.ಲೀ.ನ ಅರ್ಧಕ್ಕಿಳಿಸಿದೆ. ಮ್ಯಾಟಿನೊಳಗಿನ ಗುಳ್ಳೆಗಳನ್ನು ಒತ್ತಿ ತೆಗೆಯಲು ಸಾವಕಾಶ ಸಿಕ್ಕಿತು. ಗಾಳಿಯ ಆಮ್ಲಜನಕ ರ‍್ಯಾಡಿಕಲ್‌ಗಳನ್ನು ನುಂಗುವುದರಿಂದ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಕೊನೆಯ ಲೇಪದ ಮೇಲೆ ಪಾಲಿಥೀನ್ ಹಾಳೆ ಹೊದಿಸಿದ್ದರಿಂದ ಆ ತೊಂದರೆಯೂ ತಪ್ಪಿತು. ಅಂದಿನಿಂದ ತೊಟ್ಟಿ ಹನಿ ನೀರು ಬಿಟ್ಟಿಲ್ಲ. ಸದಾ ನೀರು ನಿಲ್ಲುವ ಕಡೆಗೆ ಐಸೋಫ್ಥಾಲಿಕ್ ಎಂಬ ಬಗೆಯ ರೆಸಿನ್ ಹೆಚ್ಚು ಬಾಳುತ್ತದೆ, ಆದರೆ ಅಂಗಡಿಯಲ್ಲಿದ್ದದ್ದು ಸಾಮಾನ್ಯ ಆರ್ಥೋ (ಆರ್ಥೋಫ್ಥಾಲಿಕ್) ಬಗೆಯೊಂದೇ.

ಡಬ್ಬಿಗೆ ಸುರಿದುಕೊಟ್ಟ ರೆಸಿನ್ ಮೇಲೆ ತಯಾರಿಕೆಯ ತಿಂಗಳಿರಲಿಲ್ಲ. ಇಟ್ಟಲ್ಲೇ ತಿಂಗಳುಗಳಲ್ಲಿ ಗಟ್ಟಿಯಾಗುವ ಸರಕಿಗೆ ಅದು ಸಣ್ಣ ಲೋಪವಲ್ಲ. ಅದಕ್ಕಿಂತ ಗಂಭೀರವಾದದ್ದು, ನೇರವಾಗಿ ಬೆರೆತರೆ ಸಿಡಿದು ಬೆಂಕಿ ಹೊತ್ತಿಕೊಳ್ಳಬಲ್ಲ ಕೋಬಾಲ್ಟ್ ಮತ್ತು ಹಾರ್ಡನರ್ ಬಾಟಲಿಗಳನ್ನು ಒಂದು ಮಾತೂ ಹೇಳದೆ ಒಂದೇ ಚೀಲಕ್ಕೆ ತುರುಕಿಕೊಟ್ಟದ್ದು. ಮುಂದಿನ ಸಲ ಅದೇ ಅಂಗಡಿಗೆ ಹೋದರೂ ಎರಡು ಚೀಲ ಒಯ್ಯುತ್ತೇನೆ.