ಟೇಬಲ್ 75, ಮಗಳು 94

ಮಗಳ ಮೂರನೇ ಹುಟ್ಟುಹಬ್ಬವನ್ನು ಪಾರ್ಟಿ ಮಾಡಿಕೊಡುವವರಿಗೆ ವಹಿಸಿದ್ದೆವು. ನಾಲ್ಕನೆಯದನ್ನು ಹೋದ ತಿಂಗಳು ಮನೆಯಲ್ಲೇ ಮುಗಿಸಿದೆವು. ಎರಡನ್ನೂ ನೋಡಿಯೇ ಬರೆಯೋಣ ಅಂತ ಈ ವಿಮರ್ಶೆಯನ್ನು ಒಂದು ವರ್ಷ ಕಟ್ಟಿಟ್ಟಿದ್ದೆ. ಪಾರ್ಟಿಯವರ ಹೆಸರು ಹಾಕುವುದಿಲ್ಲ. ಒಪ್ಪಿಕೊಂಡಿದ್ದನ್ನೆಲ್ಲ ಮಾಡಿದರು, ಮೋಸ ಮಾಡಲಿಲ್ಲ. ನನ್ನ ತಕರಾರು ಅವರು ಮಾರುವ ಪ್ಯಾಕೇಜಿನ ಮೇಲೆ, ಕಣ್ಣು ಮುಚ್ಚಿ ಅದನ್ನು ತಗೊಂಡ ನನ್ನ ಮೇಲೆ.

ಪ್ಯಾಕೇಜ್ ಅಂದರೆ ಮೂರು ಗಂಟೆಗೆ ಹಾಲ್, ಬಲೂನಿನ ಕಮಾನು, ಹೆಸರು ಬರೆದ ಪರದೆ, ಮೂರಂತಸ್ತಿನ ಕೇಕ್, ಕರಡಿ ವೇಷದವನು, ಮೈಕ್ ಹಿಡಿದವನು, ಇಬ್ಬರು ಫೋಟೋದವರು, ಸೋಪಿನ ಗುಳ್ಳೆ ಬಿಡುವ ಹುಡುಗಿ. ಕೊನೆಗೆ ಗುಡಿಸಿ ಒರೆಸಿ ಕೊಡುವುದೂ ಅವರದೇ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಹೇಳಿದ್ದಕ್ಕಿಂತ ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ಕಮಾನು ಕಟ್ಟುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ, ಕೈಕೆಲಸದವನಿಗೆ ಇನ್ನೊಬ್ಬರ ಕೈಕೆಲಸ ಕಂಡರೆ ಕಾಲು ಕೀಳುವುದಿಲ್ಲ. ಎರಡೆರಡು ಬಲೂನುಗಳ ಬಾಲಕ್ಕೆ ಗಂಟು ಹಾಕಿ, ಎರಡು ಜೋಡಿಯನ್ನು ಒಂದಕ್ಕೊಂದು ತಿರುಚಿ ನಾಲ್ಕರ ಗೊಂಚಲು ಮಾಡಿ, ಆ ಗೊಂಚಲನ್ನು ಕಂಬಿಗೆ ಸಿಕ್ಕಿಸಿ ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು, ಅಲ್ಲಾಡುವುದಿಲ್ಲ. ದಾರ ಇಲ್ಲ, ಟೇಪ್ ಇಲ್ಲ. ಒಡೆದ ಬಲೂನಿನ ಚೂರು ಹೆಕ್ಕುವುದಕ್ಕೇ ಒಬ್ಬ ಹುಡುಗನನ್ನು ಇಟ್ಟಿದ್ದರು. ಅದಕ್ಕೆ ಪೂರ್ತಿ ಅಂಕ. ಆ ರಬ್ಬರಿನ ಚೂರು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ಬಗ್ಗೆ ಬಲೂನ್ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಎಚ್ಚರಿಕೆ ಇರುತ್ತದೆ, ಓದುವವರು ಕಡಿಮೆ.

ಎಡವಟ್ಟು ಗೊತ್ತಾಗಿದ್ದು ಮಗಳ ಶೂ ಪಟ್ಟಿ ಬಿಚ್ಚಿಕೊಂಡಾಗ. ಹಾಕೋಣ ಅಂತ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಲೆ ಎತ್ತಿದೆ. ಪಾರ್ಟಿಯೇ ಇಲ್ಲ! ಕಂಡಿದ್ದು ಟೇಬಲ್ ಬಟ್ಟೆಯ ಅಂಚು, ಅದಕ್ಕೆ ಚುಚ್ಚಿದ್ದ ಗುಂಡುಸೂಜಿ, ಒಳಗೆ ತುರುಕಿದ್ದ ಖಾಲಿ ರಟ್ಟಿನ ಡಬ್ಬಗಳು, ಸ್ಪೀಕರಿನ ವೈರಿಗೆ ಅಂಟಿಸಿದ್ದ ಕಂದು ಟೇಪು. ಮತ್ತೆ ಮೊಣಕಾಲು. ಎತ್ತ ತಿರುಗಿದರೂ ಮೊಣಕಾಲು.

ನಾನು ಮರಗೆಲಸದವನು, ಅಳತೆ ಟೇಪ್ ಯಾವಾಗಲೂ ಜೇಬಿನಲ್ಲೇ. ಹೆಂಡತಿ ಕಣ್ಣು ಬಿಡುತ್ತಿದ್ದರೂ ಅಳೆದೇಬಿಟ್ಟೆ. ಟೇಬಲ್ 75 ಸೆಂಟಿಮೀಟರ್. ಅದರ ಮೇಲೆ ಕೇಕಿನ ಸ್ಟ್ಯಾಂಡ್ 15. ಮಗಳ ಎತ್ತರ ಆವತ್ತಿಗೆ 94, ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗುರುತು ಇನ್ನೂ ಇದೆ. ಅಂದರೆ ಕಣ್ಣು ಸುಮಾರು 84ರಲ್ಲಿ. ಕೇಕ್ ಶುರುವಾಗುವುದೇ ಅವಳ ಕಣ್ಣಿನಿಂದ ಮೇಲೆ. ಅವಳ ಹೆಸರಿನ ಪರದೆ ಇದ್ದದ್ದು ನನ್ನ ತಲೆಗಿಂತ ಎತ್ತರದಲ್ಲಿ. ಅಡುಗೆಕಟ್ಟೆ ಮಾಡಿಕೊಡಿ ಅಂತ ಯಾರಾದರೂ ಬಂದರೆ, ಅಡುಗೆ ಮಾಡುವವರು ಎಷ್ಟು ಎತ್ತರ ಇದ್ದಾರೆ ಅಂತ ಕೇಳದೆ ನಾನು ಮರಕ್ಕೆ ಗರಗಸ ಹಚ್ಚುವುದಿಲ್ಲ. ಇಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ, ನನಗೂ. ಅಲಂಕಾರವೆಲ್ಲ ಕ್ಯಾಮೆರಾದ ಎತ್ತರಕ್ಕೆ ಇತ್ತು. ಕೇಕ್ ಕತ್ತರಿಸುವ ಹೊತ್ತಿಗೆ ಅವಳನ್ನು ಎತ್ತಿಕೊಂಡೆ. ಅಷ್ಟು ಜನ ಒಟ್ಟಿಗೆ ಕಂಡಿದ್ದು ಅವಳಿಗೆ ಅದೇ ಮೊದಲು. ನನ್ನ ಕುತ್ತಿಗೆಗೆ ಮುಖ ಒತ್ತಿದವಳು ಮೇಣದ ಬತ್ತಿ ಊದಲೇ ಇಲ್ಲ. ನಾನೇ ಊದಿದೆ. ಆ ಫೋಟೋ ದೊಡ್ಡದು ಮಾಡಿಸಿ ಕೊಟ್ಟಿದ್ದಾರೆ.

ಮೈಕಿನವನದ್ದು ಇನ್ನೊಂದು ಕತೆ. ವರ್ಕ್‌ಶಾಪಿನಲ್ಲಿ ಮರ ಕೊಯ್ಯುವ ಮಷೀನಿನ ಸದ್ದು ನೋಡಿಕೊಳ್ಳಲು ಫೋನಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡಿದ್ದೇನೆ. ತೆಗೆದು ನೋಡಿದರೆ 94 ಡೆಸಿಬಲ್. ಫೋನಿನ ಲೆಕ್ಕ ಒಂದೆರಡು ಆಚೀಚೆ ಆಗಬಹುದು, ಆದರೂ ಕೇಳಿ. ನಮ್ಮಂಥ ಕೆಲಸದವರಿಗೆ 85 ಡೆಸಿಬಲ್ ಆದರೆ ದಿನಕ್ಕೆ ಎಂಟು ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕರ್ಧ ಕಡಿಮೆ. 88ಕ್ಕೆ ನಾಲ್ಕು, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ಅದೂ ದೊಡ್ಡವರ ಕಿವಿಗೆ. ಇಲ್ಲಿ ಎರಡು ಗಂಟೆ ನಡೆಯಿತು. "ಮಕ್ಕಳೇ, ಮಜಾ ಬರ್ತಿದೆಯಾ? ಕೇಳಿಸ್ತಿಲ್ಲ!" ಅನ್ನುತ್ತಿದ್ದ. ಮಕ್ಕಳಲ್ಲಿ ಅರ್ಧ ಕಿವಿ ಮುಚ್ಚಿಕೊಂಡಿದ್ದವು, ಕೇಳಿಸುವುದು ಹೇಗೆ? ಕಮ್ಮಿ ಮಾಡಿ ಅಂತ ಎರಡು ಸಲ ಹೋಗಿ ಹೇಳಿದೆ, ಎರಡು ಸಲವೂ ಐದು ನಿಮಿಷ ಕಮ್ಮಿ ಮಾಡಿದ.

ಕರಡಿ ಬಂದ ತಕ್ಷಣ ಏಳು ಮಕ್ಕಳು ಅತ್ತವು. ಬೈಯುವ ಹಾಗಿಲ್ಲ, ಪಾಪ. ನಗುವ ಮುಖ, ಆದರೆ ಅಲ್ಲಾಡುವುದಿಲ್ಲ. ಮಾತು ಬರುವುದು ಹೊಟ್ಟೆಯಿಂದ. ಅರ್ಧ ಗಂಟೆ ಆದ ಮೇಲೆ ಅವನು ಅಡುಗೆಮನೆಯ ಪಕ್ಕ ಕೂತು ಕರಡಿ ತಲೆ ತೆಗೆದು ನೀರು ಕುಡಿಯುತ್ತಿದ್ದ, ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು. ಮಗಳು ನನ್ನ ಬೆರಳು ಬಿಟ್ಟು ಅವನ ಎದುರು ಹೋಗಿ ನಿಂತಳು. ತೊಡೆಯ ಮೇಲಿನ ತಲೆ ನೋಡಿದಳು, ಅವನ ತಲೆ ನೋಡಿದಳು. "ಮಾಮ, ನಿಂದು ಬಿದ್ದೋಯ್ತಾ?" ಅಂದಳು. "ಹೂಂ ಪುಟ್ಟಾ, ಸೆಖೆಗೆ ಬಿದ್ದೋಯ್ತು" ಅಂದ. ಆಮೇಲೆ ಇಬ್ಬರೂ ಸೇರಿ ಆ ತಲೆಯ ಒಳಗೆ ಕೈ ಹಾಕಿ ಸ್ಪಂಜು ಮುಟ್ಟಿ ನೋಡಿದರು. ಇಡೀ ಮೂರು ಗಂಟೆಯಲ್ಲಿ ಅವಳು ತಾನಾಗಿ ಯಾರ ಹತ್ತಿರವಾದರೂ ಹೋಗಿದ್ದರೆ ಅದು ಈ ಕರಡಿ ಮಾಮ ಮತ್ತು ಗುಳ್ಳೆ ಹುಡುಗಿ, ಇಬ್ಬರೇ.

ಆ ಹುಡುಗಿಯ ಬಗ್ಗೆ ಹೇಳಲೇಬೇಕು. ಎರಡು ಕೋಲು, ನಡುವೆ ಹತ್ತಿ ದಾರದ ಕುಣಿಕೆ, ಒಂದು ಬಕೆಟ್. ಮೈಕ್ ಇಲ್ಲ. ಬಂದವಳೇ ನೆಲದ ಮೇಲೆ ಕೂತಳು, ಮಾತೂ ಆಡಲಿಲ್ಲ. ಮಕ್ಕಳು ತಾವಾಗಿಯೇ ಒಂದೊಂದಾಗಿ ಬಂದು ಸುತ್ತ ಸೇರಿದವು. ಈ ವಯಸ್ಸಿನವು ಒಟ್ಟಿಗೆ ಆಡುವುದಕ್ಕಿಂತ ಅಕ್ಕಪಕ್ಕ ಕೂತು ಅವರವರದ್ದು ಅವರು ಆಡಿಕೊಳ್ಳುವುದೇ ಹೆಚ್ಚು. ಗುಳ್ಳೆಗೆ ಅದು ಸರಿಹೋಗುತ್ತದೆ, ಸರದಿ ಬೇಡ, ಗೆದ್ದವರು ಸೋತವರು ಇಲ್ಲ. ಪೆನ್‌ಡ್ರೈವಿನಲ್ಲಿ 340 ಫೋಟೋ ಕೊಟ್ಟಿದ್ದಾರೆ. ಮಗಳು ನಗುತ್ತಿರುವುದು 11ರಲ್ಲಿ, ಅದರಲ್ಲಿ 9 ಗುಳ್ಳೆಯವು.

ಇನ್ನು ಈ ವರ್ಷದ್ದು. ವಯಸ್ಸೆಷ್ಟೋ ಅಷ್ಟೇ ಮಕ್ಕಳನ್ನು ಕರೀರಿ ಅಂತ ಯಾರೋ ಹೇಳಿದ್ದರು, ನಾಲ್ಕು ಮಕ್ಕಳನ್ನು ಕರೆದೆವು. ಎರಡು ಹಲಗೆಗೆ ಚೆನ್ನಾಗಿ ಉಪ್ಪುಕಾಗದ ಹೊಡೆದು, ಮೂಲೆ ದುಂಡಗೆ ಮಾಡಿ, 46 ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿದೆ. ನೆಲದ ಮೇಲೆ ದಿಂಬು. ದೊಡ್ಡ ಕೇಕಿನ ಬದಲು ಐದು ಬಟ್ಟಲು ಕೇಕ್, ಐದಕ್ಕೂ ಒಂದೊಂದು ಬತ್ತಿ. ಇದು ಹೆಂಡತಿಯ ಹಟ. ಊದಿದರೆ ಕೇಕಿನ ಮೇಲೆ ಉಗುಳು ಬೀಳುತ್ತದೆ, 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಅಳೆದೇ ನೋಡಿದ್ದಾರೆ, ಬ್ಯಾಕ್ಟೀರಿಯಾ 1400 ಪ್ರತಿಶತ ಹೆಚ್ಚಾಯಿತಂತೆ ಅಂತ ಓದಿ ಹೇಳಿದಳು. ಇಷ್ಟು ವರ್ಷ ತಿಂದು ನಮಗೇನಾಗಿದೆ ಅಂತ ನಾನು. ಆದರೆ ಐದು ಬತ್ತಿಯ ನಿಜವಾದ ಲಾಭ ಬೇರೆ, ನಾನೂದ್ತೀನಿ ನಾನೂದ್ತೀನಿ ಅನ್ನುವ ಜಗಳವೇ ಆಗಲಿಲ್ಲ.

ಮನೆಯದ್ದು ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಕಣ್ಣಾಮುಚ್ಚಾಲೆ ಅರ್ಧ ಗಂಟೆ ಎಳೆಯುತ್ತದೆ ಅಂತ ಲೆಕ್ಕ ಹಾಕಿದ್ದೆ. ಪರದೆಯ ಹಿಂದೆ ಹೋದ ಕೂಡಲೇ "ನಾನಿಲ್ಲಿದೀನಿ!" ಅಂತ ಕೂಗುವ ಮಕ್ಕಳ ಜೊತೆ ನಾಲ್ಕು ನಿಮಿಷಕ್ಕೇ ಮುಗಿಯಿತು. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಗೆ ಬಾಗಿಲು ಕಿಟಕಿ ಕೊರೆದು ಮನೆ ಮಾಡಿಟ್ಟಿದ್ದೆ. ಒಬ್ಬ ಒಳಗೆ ಹೋದವನು ಬಾಗಿಲು ಹಾಕಿಕೊಂಡು ಯಾರನ್ನೂ ಬಿಡಲಿಲ್ಲ, ಇನ್ನೊಂದು ಹುಡುಗಿ ಗೋಡೆಯನ್ನೇ ಒದ್ದು ಬೀಳಿಸಿದಳು. ಅಳು, ಸಮಾಧಾನ, ಮತ್ತೆ ಅಳು. ಬಿದ್ದ ಗೋಡೆಯನ್ನು ಎಲ್ಲರೂ ಸೇರಿ ಜಾರುಬಂಡೆ ಮಾಡಿಕೊಂಡ ಮೇಲೆ ಉಳಿದ ಮುಕ್ಕಾಲು ಗಂಟೆ ನನ್ನ ಅಗತ್ಯವೇ ಬೀಳಲಿಲ್ಲ. ಒಟ್ಟು ಒಂದೂವರೆ ಗಂಟೆಗೆ ಎಲ್ಲರನ್ನೂ ಮನೆಗೆ ಕಳಿಸಿದೆವು, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಮುಂಚೆ. ಗುಡಿಸಿದ್ದು ಮಾತ್ರ ನಾನೇ. ರಟ್ಟಿನ ಚೂರು ಸೋಫಾದ ಕೆಳಗೆ ಇವತ್ತೂ ಸಿಗುತ್ತಿದೆ.

ಇನ್ನೊಂದು ಖರ್ಚು, ಅಕ್ಕ. "ಹೋದ ಸಲ ಊರಿಗೆಲ್ಲ ಕರ್ದೆ, ಈ ಸಲ ನಾನು ಯಾರಿಗೂ ಬೇಡವಾದ್ನಾ?" ಅಂತ ಫೋನಿಟ್ಟವಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅವಳ ಮಾತಲ್ಲೂ ನ್ಯಾಯ ಇದೆ. ಹೋದ ಸಲದ ಹಾಲ್‌ನಲ್ಲಿ ದೊಡ್ಡವರು ನಿಜವಾಗಿ ಖುಷಿಪಟ್ಟರು. ನಾನೇ ಆರು ವರ್ಷದಿಂದ ಕಾಣದ ದೊಡ್ಡಪ್ಪನ ಮಗನ ಜೊತೆ ಒಂದು ಗಂಟೆ ಹರಟಿದೆ. ಹಾಗಾಗಿ ಒಂದು ವರ್ಷದ ಮಗುವಿಗೆ, ನೆಂಟರಿಷ್ಟರೆಲ್ಲ ಒಂದು ಕಡೆ ಸೇರಬೇಕು ಅಂತಿದ್ದರೆ, ಈ ಪ್ಯಾಕೇಜ್ ತಗೊಳ್ಳಿ. ಸ್ಪೀಕರ್ ಬೇಡ ಅಂತ ಮುಂಚೆಯೇ ಬರೆಸಿಕೊಳ್ಳಿ, ಕೇಕಿನ ಟೇಬಲ್ ತಗ್ಗಿಸಲು ಹೇಳಿ. ಎರಡರಿಂದ ನಾಲ್ಕು ವರ್ಷದವರಿಗಾದರೆ ಬೇಡ. ಐದು ಅಂಕಕ್ಕೆ ಎರಡೂವರೆ ಕೊಡುತ್ತೇನೆ. ಒಂದು ಕಮಾನು ಕಟ್ಟಿದವನಿಗೆ, ಒಂದು ಗುಳ್ಳೆಗೆ, ಅರ್ಧ ಗುಡಿಸಿದ್ದಕ್ಕೆ.

ಈ ವರ್ಷ ಗುಳ್ಳೆಯನ್ನು ನಾನೇ ಮಾಡಲು ಹೋಗಿದ್ದೆ. ನೀರು, ಪಾತ್ರೆ ತೊಳೆಯುವ ಸೋಪು, ಸ್ವಲ್ಪ ಗ್ಲಿಸರಿನ್, ಅದೇ ತರ ಎರಡು ಕೋಲು ದಾರ. ನಿಂಬೆಹಣ್ಣಿನ ಗಾತ್ರ ದಾಟಲಿಲ್ಲ. "ಆ ಅಕ್ಕಂದು ದೊಡ್ಡದಿತ್ತು" ಅಂದಳು ಮಗಳು. ಪಾರ್ಟಿಗೆ ನಾಲ್ಕು ದಿನ ಮುಂಚೆ ಅವರಿಗೇ ಫೋನ್ ಮಾಡಿ, ಆ ಹುಡುಗಿಯನ್ನು ಒಂದರ್ಧ ಗಂಟೆ ಕಳಿಸಿಕೊಡ್ತೀರಾ ಅಂತ ಕೇಳಿದ್ದೆ. "ಇಲ್ಲ ಸರ್, ಪ್ಯಾಕೇಜ್ ಒಡೆದು ಕೊಡೋಕಾಗಲ್ಲ" ಅಂದರು.