ಬಾಣಂತಿಯ ಗೀಳಿಗೆ ಕಂಡಕಂಡ ಚಿಕಿತ್ಸೆ ಬೇಡ: ಒಂಬತ್ತು ವಾರ ಕಳೆದುಕೊಂಡವಳ ಎಚ್ಚರಿಕೆ

ಕಳೆದ ತಿಂಗಳು ನಗರದ ಒಂದು ರಸ್ತೆಯಲ್ಲಿ ಹೋಗುತ್ತಿದ್ದಾಗ, ಎರಡು ವರ್ಷದ ಹಿಂದೆ ನಾನು ಒಂಬತ್ತು ವಾರ ಮೆಟ್ಟಿಲು ಹತ್ತಿ ಇಳಿದ ಆಪ್ತ ಸಲಹಾ ಕೇಂದ್ರದ ಫಲಕಕ್ಕೆ ‘ಬಾಣಂತಿಯರ ಮನೋಸಮಸ್ಯೆಗಳಿಗೆ ವಿಶೇಷ ಚಿಕಿತ್ಸೆ’ ಎಂಬ ಹೊಸ ಸಾಲು ಸೇರಿರುವುದನ್ನು ಕಂಡೆ. ಈ ಬರಹಕ್ಕೆ ಆ ಸಾಲೇ ಕಾರಣ. ಕೇಂದ್ರದ ಹೆಸರನ್ನಾಗಲಿ, ಅದನ್ನು ನಡೆಸುವವರ ಹೆಸರನ್ನಾಗಲಿ ಬರೆಯುವುದಿಲ್ಲ. ಅಂಥ ಫಲಕಗಳು ಎಷ್ಟೋ ಊರುಗಳಲ್ಲಿವೆ. ಅಲ್ಲಿದ್ದವರು ನನ್ನೊಡನೆ ಒರಟಾಗಿ ನಡೆದುಕೊಂಡಿದ್ದರೆ ಎರಡನೆಯ ವಾರವೇ ಬಿಟ್ಟು ಬರುತ್ತಿದ್ದೆ; ತುಂಬ ಮೃದುವಾಗಿ ಮಾತನಾಡುತ್ತಿದ್ದರು, ಆದ್ದರಿಂದಲೇ ಅಷ್ಟು ದಿನ ಉಳಿದೆ.

ಮಗಳು ಹುಟ್ಟಿದ ಐದನೆಯ ವಾರ, ತಿಪಟೂರಿನ ಬಳಿಯ ತವರಿನಲ್ಲಿ ಬಾಣಂತನದಲ್ಲಿದ್ದಾಗ ಇದು ಶುರುವಾಯಿತು. ಅಮ್ಮ ಈಳಿಗೆಮಣೆಯ ಮುಂದೆ ಕುಳಿತು ಸೊಪ್ಪು ಹೆಚ್ಚುತ್ತಿದ್ದಳು, ಮಗು ನನ್ನ ತೊಡೆಯ ಮೇಲಿತ್ತು. ಆ ಅಲಗಿನ ಮೇಲೆ ಕಣ್ಣು ಬಿದ್ದ ಕ್ಷಣ, ನಾನೇ ಮಗುವಿಗೆ ಏನಾದರೂ ಮಾಡಿಬಿಟ್ಟರೆ ಎಂಬ ಆಲೋಚನೆ ಎಲ್ಲಿಂದಲೋ ನುಗ್ಗಿತು. ಕೈಕಾಲು ತಣ್ಣಗಾಗಿ, ಮಗುವನ್ನು ಅಮ್ಮನ ಕೈಗೆ ಕೊಟ್ಟು ಹಿತ್ತಿಲಿಗೆ ಓಡಿದೆ. ಅಂದಿನಿಂದ ಈಳಿಗೆಮಣೆ ಅಟ್ಟ ಸೇರಿತು, ಮಗುವಿಗೆ ಎರೆಯುವ ಹೊತ್ತಿಗೆ ನಾನು ಬಚ್ಚಲಿನ ಕಡೆ ಸುಳಿಯುತ್ತಿರಲಿಲ್ಲ, ರಾತ್ರಿ ಮಗುವಿನ ಪಕ್ಕ ಒಬ್ಬಳೇ ಮಲಗುತ್ತಿರಲಿಲ್ಲ. ದಿನಕ್ಕೆ ಹತ್ತಾರು ಸಲ ಅಮ್ಮನನ್ನು ‘ನಾನು ಅಂಥವಳಲ್ಲ ಅಲ್ವಾ?’ ಎಂದು ಕೇಳುತ್ತಿದ್ದೆ. ಅವಳು ‘ಸುಮ್ನಿರೇ, ಏನೂ ಆಗಲ್ಲ’ ಎಂದರೆ ಅರ್ಧ ಗಂಟೆ ನೆಮ್ಮದಿ, ಆಮೇಲೆ ಮತ್ತೆ ಅದೇ ಪ್ರಶ್ನೆ. ಪಕ್ಕದ ಮನೆಯ ಅಜ್ಜಿ ಇದು ಬಾಣಂತಿ ಸನ್ನಿ ಎಂದು ತಾಯತ ತಂದುಕೊಟ್ಟರು. ನನ್ನ ಗಂಡ, ಇದಕ್ಕೆ ಕೌನ್ಸೆಲಿಂಗ್ ಆಗಬೇಕು ಎಂದು ಆ ಕೇಂದ್ರದಲ್ಲಿ ಹನ್ನೆರಡು ಭೇಟಿಗಳಿಗೆ 18,000 ರೂಪಾಯಿ ಮುಂಗಡ ಕಟ್ಟಿದರು.

ಮೊದಲ ಭೇಟಿಯಲ್ಲೇ ಅಲ್ಲಿನ ಸಲಹೆಗಾರರು ನನ್ನ ಮದುವೆ, ಹೆರಿಗೆ, ಅತ್ತೆಯ ಮನೆ ಎಲ್ಲವನ್ನೂ ವಿಚಾರಿಸಿ, ‘ನಿಮ್ಮ ಒಳಮನಸ್ಸಿಗೆ ಈ ಮಗು ಬೇಕಿರಲಿಲ್ಲ, ಅದುಮಿಟ್ಟ ಸಿಟ್ಟು ಹೀಗೆ ಹೊರಗೆ ಬರ್ತಿದೆ’ ಎಂದರು. ಮೂರು ವರ್ಷ ಹಂಬಲಿಸಿ ಪಡೆದ ಮಗುವಿನ ಬಗ್ಗೆ ಕೇಳಿದ ಆ ಮಾತು ನನ್ನೊಳಗೆ ಏನು ಮಾಡಿತೆಂಬುದನ್ನು ಈಗಲೂ ಸರಿಯಾಗಿ ಹೇಳಲಾರೆ. ಅಲ್ಲಿಯವರೆಗೆ ಆಲೋಚನೆಗೆ ಮಾತ್ರ ಹೆದರುತ್ತಿದ್ದವಳು ಅಂದಿನಿಂದ ನನಗೇ ಹೆದರತೊಡಗಿದೆ. ಮೂರನೆಯ ವಾರ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಸಿ, ಕೆಟ್ಟ ಆಲೋಚನೆ ಬಂದಾಗಲೆಲ್ಲ ಎಳೆದು ಬಿಟ್ಟು ‘ನಿಲ್ಲು’ ಎಂದುಕೊಳ್ಳಲು ಹೇಳಿದರು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದರೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೈ ಕೆಂಪಾಯಿತು, ಆಲೋಚನೆ ಹೆಚ್ಚಾಯಿತು. ಬಳಿಕ ದೀರ್ಘ ಉಸಿರಾಟ, ಪ್ರತಿ ಸಲವೂ ‘ನೀವು ಒಳ್ಳೆಯ ತಾಯಿ’ ಎಂಬ ಸಮಾಧಾನ, ಕೊನೆಗೆ ಮಲಗಿಸಿ ಬಾಲ್ಯಕ್ಕೆ, ಅಲ್ಲಿಂದ ಹಿಂದಿನ ಜನ್ಮಕ್ಕೆ ಕರೆದೊಯ್ಯುವ ಪ್ರಯತ್ನವೂ ನಡೆಯಿತು. ಮನೋವೈದ್ಯರನ್ನು ಕಾಣಲೇ ಎಂದು ಕೇಳಿದ್ದಕ್ಕೆ, ಮಾತ್ರೆ ತೆಗೆದುಕೊಂಡರೆ ಎದೆಹಾಲು ಬಿಡಿಸಬೇಕಾಗುತ್ತದೆ ಎಂದು ಹೆದರಿಸಿದರು. ಎಂಟನೆಯ ವಾರ ನನಗೆ ತಿಳಿಸದೆ ನನ್ನ ಗಂಡನಿಗೆ ಫೋನ್ ಮಾಡಿ, ಮಗುವನ್ನು ಇವರೊಬ್ಬರ ಬಳಿ ಬಿಡಬೇಡಿ ಎಂದರು. ನಿಜವಾದ ಅಪಾಯವಿದ್ದರೆ ಮನೆಯವರಿಗೆ ತಿಳಿಸುವುದು ಸರಿಯೇ. ಆದರೆ ಅಪಾಯ ಇದೆಯೋ ಇಲ್ಲವೋ ಎಂದು ಅರಿಯಲು ಕೇಳಬೇಕಾದ ಒಂದು ಪ್ರಶ್ನೆಯನ್ನೂ ಅವರು ಆ ಎಂಟು ವಾರದಲ್ಲಿ ಕೇಳಿರಲಿಲ್ಲ.

ಆ ಪ್ರಶ್ನೆಗಳನ್ನು ಕೇಳಿದವರು ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ನನ್ನ ತಂಗಿ ಕರೆ ಮಾಡಿದಾಗ, ಅಲ್ಲಿ ಕನ್ನಡದಲ್ಲಿ ಮಾತನಾಡಿದವರು ಎಲ್ಲವನ್ನೂ ಕೇಳಿಸಿಕೊಂಡು ಅಲ್ಲಿಗೆ ಹೋಗಲು ಸೂಚಿಸಿದ್ದರು. ಆಲೋಚನೆ ಬಂದಾಗ ಹಿತವೆನಿಸುತ್ತದೆಯೋ ಭಯವಾಗುತ್ತದೆಯೋ, ಅದನ್ನು ತಪ್ಪಿಸಲು ಏನೇನು ಮಾಡುತ್ತೀರಿ, ಯಾರದಾದರೂ ಧ್ವನಿ ಆಜ್ಞೆ ಮಾಡಿದಂತೆ ಕೇಳಿಸುತ್ತದೆಯೇ, ಮಗು ಬೇರೇನೋ ಆಗಿಬಿಟ್ಟಿದೆ ಎಂದು ಅನ್ನಿಸುತ್ತದೆಯೇ, ನಿದ್ರೆ ಹೇಗಿದೆ, ನಿಮಗೆ ಬದುಕು ಬೇಡವೆನ್ನಿಸಿದೆಯೇ ಎಂದು ಒಂದೊಂದಾಗಿ ಕೇಳಿ, ಇದು ಬೇಡದ ಆಲೋಚನೆ ಮತ್ತೆ ಮತ್ತೆ ನುಗ್ಗಿ ಕಾಡುವ ಗೀಳು ಮನೋರೋಗ (ಒಸಿಡಿ), ಸನ್ನಿಯಲ್ಲ ಎಂದರು. ಈ ಎರಡರ ನಡುವಿನ ವ್ಯತ್ಯಾಸವನ್ನು ಬಾಣಂತಿಯಿರುವ ಮನೆಯವರೆಲ್ಲ ತಿಳಿದಿರಬೇಕು ಎಂದು ನನಗನ್ನಿಸುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುವ ಸನ್ನಿಯಲ್ಲಿ ನಿದ್ರೆ ಹಾರಿಹೋಗಿ, ಮಾತು ದಿಕ್ಕು ತಪ್ಪಿ, ಇಲ್ಲದ್ದು ನಿಜವೆನ್ನಿಸುತ್ತದೆ. ಅಲ್ಲಿ ತಾಯಿಗೂ ಮಗುವಿಗೂ ನಿಜವಾದ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಗೀಳಿನಲ್ಲಿ ತಾಯಿಗೆ ಆ ಆಲೋಚನೆಯೇ ಅಸಹ್ಯ; ಅದು ನಡೆಯಬಾರದೆಂದೇ ಅವಳು ದಿನವಿಡೀ ಹೆಣಗುತ್ತಾಳೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣಬಹುದಾದ್ದರಿಂದ ಅದನ್ನು ನಿರ್ಧರಿಸುವ ಕೆಲಸ ಮನೋವೈದ್ಯರದು, ಅಜ್ಜಿಯದೂ ಅಲ್ಲ, ಸಲಹಾ ಕೇಂದ್ರದ್ದೂ ಅಲ್ಲ.

ಅಲ್ಲಿಯ ಕ್ಲಿನಿಕಲ್ ಸೈಕಾಲಜಿಸ್ಟ್ ನನಗೆ ಹೇಳಿದ ಒಂದು ಸಂಗತಿ ನನ್ನ ಅರ್ಧ ಭಾರ ಇಳಿಸಿತು. ಇಂಥ ಬೇಡದ ಆಲೋಚನೆಗಳು ಸ್ವಸ್ಥರಾದ ಬಹುಪಾಲು ಜನರಿಗೂ ಬರುತ್ತವೆ ಎಂಬುದನ್ನು ರಾಕ್‌ಮನ್ ಮತ್ತು ಡಿಸಿಲ್ವ ಎಂಬ ಮನೋವಿಜ್ಞಾನಿಗಳು 1978ರಲ್ಲೇ ತೋರಿಸಿದ್ದರಂತೆ. ಉಳಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಗೀಳಿನವರು ಅದಕ್ಕೆ ಅರ್ಥ ಹುಡುಕುತ್ತಾರೆ. ಅಂದಮೇಲೆ ಅದಕ್ಕೊಂದು ಆಳವಾದ ಅರ್ಥ ಕಟ್ಟಿಕೊಟ್ಟ ನನ್ನ ಮೊದಲ ಸಲಹೆಗಾರರು ಉರಿಯುವ ಒಲೆಗೆ ಸೌದೆ ಇಟ್ಟಂತಾಗಿತ್ತು. ಗೀಳಿಗೆ ಪರೀಕ್ಷೆಗೊಳಪಟ್ಟು ನಿಂತಿರುವ ಚಿಕಿತ್ಸೆ, ಲಂಡನ್ನಿನ ಮನೋವಿಜ್ಞಾನಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಪ್ರಯೋಗದಿಂದ ಬೆಳೆದುಬಂದ ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್). ಭಯ ಹುಟ್ಟಿಸುವುದರ ಎದುರಿಗೆ ಹಂತಹಂತವಾಗಿ ಕುಳಿತುಕೊಳ್ಳುವುದು, ಆದರೆ ಭಯ ತಣಿಸಲು ಮಾಡುತ್ತಿದ್ದ ಯಾವುದನ್ನೂ ಮಾಡದಿರುವುದು, ಇಷ್ಟೇ ಅದರ ಸಾರ. ನಾನು ಮೊದಲು ಈಳಿಗೆಮಣೆ ಎಂಬ ಪದವನ್ನು ಬರೆದೆ, ಆಮೇಲೆ ಅದನ್ನು ಅಟ್ಟದಿಂದ ಇಳಿಸಿ ಕೋಣೆಯಲ್ಲಿಟ್ಟುಕೊಂಡೆ, ಹಲವು ವಾರಗಳ ನಂತರ ತೊಟ್ಟಿಲು ಪಕ್ಕದಲ್ಲಿದ್ದಾಗಲೇ ಅದರ ಮೇಲೆ ಹುರುಳಿಕಾಯಿ ಹೆಚ್ಚಿದೆ. ಎದೆಬಡಿತ ಏರಿತು, ನಾನೇನೂ ಮಾಡದೆಯೇ ಇಳಿಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಅಮ್ಮನಿಗೆ, ಏಕೆಂದರೆ ನಾನು ಕೇಳಿದಾಗ ‘ಏನೂ ಆಗಲ್ಲ’ ಎನ್ನಬಾರದೆಂದು ಅವಳಿಗೆ ಹೇಳಲಾಗಿತ್ತು. ಕೇಂದ್ರದಲ್ಲಿ ವಾರಕ್ಕೊಮ್ಮೆ ದುಡ್ಡು ಕೊಟ್ಟು ಪಡೆಯುತ್ತಿದ್ದ ಸಮಾಧಾನವೂ ನನ್ನ ರೋಗದ ಒಂದು ಅಂಗವೇ ಆಗಿತ್ತೆಂಬುದು ಆಗ ಹೊಳೆಯಿತು. ಜೊತೆಗೆ ಸರ್ಟ್ರಲೀನ್ ಎಂಬ ಮಾತ್ರೆ ಕೊಟ್ಟರು. ಅದು ಎದೆಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆಯೆಂದು ವೈದ್ಯೆಯೇ ವಿವರಿಸಿದ್ದರಿಂದ ಹಾಲೂಡಿಸುವುದನ್ನು ನಿಲ್ಲಿಸಲಿಲ್ಲ. ಗೀಳಿಗೆ ಈ ಬಗೆಯ ಔಷಧದ ಪೂರ್ಣ ಪರಿಣಾಮ ಗೊತ್ತಾಗಲು ಹತ್ತು ಹನ್ನೆರಡು ವಾರ ಬೇಕಾಗಬಹುದು ಎಂಬುದನ್ನೂ ಮೊದಲೇ ಹೇಳಿದ್ದರು.

ಬಾಲ್ಯವನ್ನು ಕೆದಕುವ ಪದ್ಧತಿಯಾಗಲಿ, ಉಸಿರಾಟವಾಗಲಿ ಕೆಲಸಕ್ಕೆ ಬಾರದವು ಎಂದು ನಾನು ಹೇಳುತ್ತಿಲ್ಲ. ಸಂಬಂಧಗಳಲ್ಲಿ ಮತ್ತೆ ಮತ್ತೆ ಅದೇ ಪೆಟ್ಟು ತಿನ್ನುವವರಿಗೆ ಹಳೆಯದನ್ನು ಮಾತನಾಡುವುದು ನೆರವಾಗಬಹುದು. ಖಿನ್ನತೆಯಲ್ಲಿ ಬಿಟ್ಟುಹೋದ ಚಟುವಟಿಕೆಗಳಿಗೆ ಸ್ವಲ್ಪಸ್ವಲ್ಪವೇ ಮರಳಿಸುವ ಕ್ರಮವಿದೆ. ಪದೇಪದೇ ತಮಗೆ ತಾವೇ ಗಾಯ ಮಾಡಿಕೊಳ್ಳುವವರಿಗೆಂದು ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆ ಇದೆ. ಜ್ವರಕ್ಕೂ ಮುರಿದ ಕಾಲಿಗೂ ಒಂದೇ ಪಟ್ಟಿ ಕಟ್ಟುವವರ ಬಳಿ ಯಾರೂ ಹೋಗುವುದಿಲ್ಲ, ಆದರೆ ಮನಸ್ಸಿನ ವಿಷಯದಲ್ಲಿ ‘ಕೌನ್ಸೆಲಿಂಗ್’ ಎಂಬ ಒಂದೇ ಪದ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಆದ್ದರಿಂದ ಹಣ ಕಟ್ಟುವ ಮೊದಲೇ ಕೇಳಿ: ನನ್ನ ತೊಂದರೆಗೆ ನೀವು ಇಡುವ ಹೆಸರೇನು, ಅದಕ್ಕೆ ಯಾವ ಪದ್ಧತಿ ಬಳಸುತ್ತೀರಿ, ಆ ಪದ್ಧತಿಯಲ್ಲಿ ನಿಮಗೆ ತರಬೇತಿ ಎಲ್ಲಿ ಆಯಿತು, ಎಷ್ಟು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ಬೇರೆಯವರ ಬಳಿ ಕಳಿಸುತ್ತೀರಿ? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು. ಆ ಸಂಖ್ಯೆಯನ್ನು ಕೇಳಿ ಪಡೆದು ಪರಿಷತ್ತಿನ ಜಾಲತಾಣದಲ್ಲಿ ಪರಿಶೀಲಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್, ತಾಯಿ ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ ಎರಡೂ ಇವೆ.

ನಾನು ಇದೇ ಪ್ರಶ್ನೆಗಳನ್ನು ಆಸ್ಪತ್ರೆಯಲ್ಲಿ ಕೇಳಿದಾಗ ಸೈಕಾಲಜಿಸ್ಟ್ ಒಂದು ಹಾಳೆ ತೆಗೆದುಕೊಂಡು, ಭಯದ ಮೆಟ್ಟಿಲುಗಳನ್ನು ಬರೆದು ತೋರಿಸುತ್ತ ಇಪ್ಪತ್ತು ನಿಮಿಷ ಉತ್ತರಿಸಿದ್ದರು. ಉಳಿದ ಮೂರು ಭೇಟಿಗಳ 4,500 ರೂಪಾಯಿ ವಾಪಸು ಕೇಳಲು ಹೋದಾಗ ಅವನ್ನೇ ಕೇಂದ್ರದವರಿಗೂ ಕೇಳಿದೆ. ‘ನಾವು ಎಲ್ಲಾ ಪದ್ಧತಿ ಸೇರಿಸಿ ಮಾಡ್ತೀವಿ ಮೇಡಂ’ ಎಂದರು. ಹಣ ಇನ್ನೂ ಬಂದಿಲ್ಲ.