ಮುಬಿಯೋ, ಕ್ರೈಟೀರಿಯನ್ ಚಾನೆಲ್ಲೋ?

ಬೇರೆ ಬೇರೆ ದೇಶಗಳ ಸಿನಿಮಾ ನೋಡಬೇಕು ಅಂತ ಹೊರಟವರಿಗೆ ಬೇಗ ಎದುರಾಗುವುದು ಈ ಎರಡು ಹೆಸರು. ಎರಡೂ ಆನ್‌ಲೈನ್‌ನಲ್ಲಿ ಸಿನಿಮಾ ನೋಡುವ ತಾಣಗಳು.

ಮುಬಿ 2007ರಲ್ಲಿ ಬೇರೆ ಹೆಸರಲ್ಲಿ ಶುರುವಾಯಿತು. ಬಹಳ ವರ್ಷ ಅದರ ಲೆಕ್ಕ ಸರಳ: ದಿನಕ್ಕೊಂದು ಹೊಸ ಚಿತ್ರ, 30 ದಿನ ಇದ್ದು ಆಮೇಲೆ ಮಾಯ. 2020ರಲ್ಲಿ ದೊಡ್ಡ ಸಂಗ್ರಹವೂ ಸೇರಿತು. ಆದರೂ ಯಾರೋ ಕೂತು ಆರಿಸಿಕೊಟ್ಟ ರುಚಿ ಉಳಿದಿದೆ. ಚಿತ್ರೋತ್ಸವಗಳಲ್ಲಿ ಸದ್ದು ಮಾಡಿದ ಹೊಸ ಚಿತ್ರ ಬೇಕಿದ್ದರೆ ಇದೇ ಸರಿ. ಹಕ್ಕು ಕೊಂಡು ಕೆಲವನ್ನು ಚಿತ್ರಮಂದಿರಕ್ಕೂ ತರುತ್ತದೆ. ಹಕ್ಕುಗಳು ಒಂದೊಂದು ದೇಶಕ್ಕೆ ಬೇರೆಬೇರೆಯಾಗಿ ಮಾರಾಟವಾಗುವುದರಿಂದ, ದೇಶ ಬದಲಾದರೆ ಪಟ್ಟಿಯೂ ಬದಲು.

ಕ್ರೈಟೀರಿಯನ್ ಚಾನೆಲ್ ಬಂದದ್ದು 2019ರ ಏಪ್ರಿಲ್‌ನಲ್ಲಿ. ಹಳೆಯ ಚಿತ್ರಗಳ ವಿಷಯದಲ್ಲಿ ಇದರ ತೂಕ ಜಾಸ್ತಿ. ಜಪಾನಿನ ಓಜು, ಸ್ವೀಡನ್ನಿನ ಬರ್ಗ್‌ಮನ್, ಸತ್ಯಜಿತ್ ರೇ ಹೀಗೆ ಒಬ್ಬ ನಿರ್ದೇಶಕರ ಬೆನ್ನು ಹತ್ತಿ ಸಾಲಾಗಿ ನೋಡಬಹುದು. ಜೊತೆಗೆ ಸಂದರ್ಶನಗಳು, ಕಮೆಂಟರಿ (ಚಿತ್ರ ಓಡುತ್ತಿರುವಾಗಲೇ ಅದರ ಬಗ್ಗೆ ಕೇಳಿಸುವ ಮಾತು). ಆದರೆ ಸಿಗುವುದು ಅಮೆರಿಕ, ಕೆನಡಾದಲ್ಲಿ ಮಾತ್ರ. ಉಳಿದವರಿಗೆ ಆಯ್ಕೆಯ ತಲೆನೋವೇ ಇಲ್ಲ, ಅಲ್ವಾ?

ಎರಡೂ ಸಿಗುವ ಕಡೆ ಇದ್ದೀರಾ? ಏನು ನೋಡಲಿ ಅಂತ ಅರ್ಧ ಗಂಟೆ ಸುಮ್ನೆ ಪಟ್ಟಿ ಜಾರಿಸುತ್ತಾ ಕೂರುವವರು ಮುಬಿ ತೆಗೆದುಕೊಳ್ಳಿ. ಒಂದು ನೋಡಿದ ಮೇಲೆ ಅದೇ ನಿರ್ದೇಶಕರ ಇನ್ನೊಂದು ಬೇಕೇ ಬೇಕು ಅನ್ನುವವರಿಗೆ ಕ್ರೈಟೀರಿಯನ್.